ಎರಡನೇ ಏಣಿ

ಹಟ್ಟಿ ಕ್ಯಾಂಪಿನ ಕ್ವಾರ್ಟರ್ಸು, ನಾಲ್ಕನೇ ಸಾಲು.
ಮೌನೇಶನ ಮನೆಯ ಟೀವಿಗೆ
ಹಿಂದಿನಿಂದ ಎರಡು ವಯರು ಚುಚ್ಚಿದರೆ
ಮುಂದೆ ಒಬ್ಬ ಮನುಷ್ಯ ಹುಟ್ಟುತ್ತಿದ್ದ,
ಹೆಬ್ಬೆರಳ ಉಗುರಿನಷ್ಟು.

ಮುಖವಿರಲಿಲ್ಲ, ಕಾಲಿದ್ದವು.
ಏಣಿ ಇಳಿಯುವುದು, ಇಟ್ಟಿಗೆ ಅಗೆಯುವುದು,
ಬಂಗಾರ ಹೆಕ್ಕಿಕೊಂಡು ಮೇಲೆ ಬರುವುದು,
ಇಷ್ಟೇ ಅವನ ಬದುಕು.
"ಇದು ನಮ್ಮಪ್ಪನ ಕೆಲಸನೇ ಅಲ್ಲೇನಲೇ?"
ಅಂದವಳು ಹುಲಿಗೆಮ್ಮ.
ನಕ್ಕೆವು. ನಾಲ್ವರ ಅಪ್ಪಂದಿರೂ ಆಗ
ನಮ್ಮ ಕಾಲಡಿಯಲ್ಲೇ ಎಲ್ಲೋ, ಎರಡು ಸಾವಿರ ಅಡಿ ಕೆಳಗೆ,
ಎರಡನೇ ಪಾಳಿ.

ಸತ್ತವರು ರಿಮೋಟು ಬಿಟ್ಟುಕೊಡಬೇಕು, ಅದು ಕಾನೂನು.
ಖಾಜಾಹುಸೇನ ಸಾಯುತ್ತಲೇ ಇರಲಿಲ್ಲ,
ಅದಕ್ಕೇ ಅವನ ಮೇಲೆ ಎಲ್ಲರಿಗೂ ಸಿಟ್ಟು.

ಪರದೆಯ ತಳದಲ್ಲಿ ಇಂಗ್ಲಿಷಿನ ನಾಲ್ಕಕ್ಷರ.
ಅರ್ಥ ತಿಳಿಯದೆ ಒಂದು ತಿಂಗಳು ಒತ್ತಿರಲಿಲ್ಲ.
ಒತ್ತಿದ ದಿನ ಪೂರ್ತಿ ಕಪ್ಪಾಯಿತು.
ಟೀವಿ ಸುಟ್ಟಿತೆಂದು ಮೌನೇಶ ಅತ್ತ.
ಅದು ನಮಗೇ ಬಿಟ್ಟ ಖಾಲಿ ನೆಲ ಎಂದು
ತಿಳಿದದ್ದು ಆಮೇಲೆ.

ಕಟ್ಟಿದೆವು. ಕರೆಂಟು ಹೋಯಿತು, ಕಟ್ಟಿದ್ದೂ ಹೋಯಿತು.
ಮತ್ತೆ ಕಟ್ಟಿದೆವು. ಮೌನೇಶನ ಅವ್ವ
ಧಾರಾವಾಹಿಗೆಂದು ವಯರು ಕಿತ್ತಳು.
ಮರುದಿನ ಹುಲಿಗೆಮ್ಮ ಗಣಿತದ ಚೌಕಳಿ ಪಟ್ಟಿ ತಂದಳು.
ಒಂದು ಚೌಕಕ್ಕೆ ಒಂದು ಇಟ್ಟಿಗೆ.

ಟೀವಿಯ ಕೆಲಸ ಅಲ್ಲಿಗೆ ಮುಗಿದಿತ್ತು,
ನಮಗೆ ಗೊತ್ತಾಗಲಿಲ್ಲ ಅಷ್ಟೇ.
ಬೇವಿನ ಕಟ್ಟೆಯ ಮೇಲೆ ಕಡಲೆಕಾಳೇ ಮನುಷ್ಯ,
ಬೆನ್ನುಹತ್ತುವವರು ಹುಣಸೆಬೀಜ,
ಚಾಕ್ಲೇಟಿನ ಹಳದಿ ಕಾಗದ ಬಂಗಾರ.
ಆಟದಲ್ಲಿಲ್ಲದ್ದನ್ನೂ ಬರೆದೆವು:
ನೀರು ತುಂಬಿದ ಸುರಂಗ, ನಿದ್ದೆಗಣ್ಣಿನ ಕಾವಲುಗಾರ,
ಬುತ್ತಿ ಮರೆತು ಇಳಿದವನು.
ಬಿಲ್ಲೆಯ ಹಲಗೆ ನನ್ನದು.
ಇಳಿಯುವಾಗ ತಗೊಂಡದ್ದನ್ನು ಮೇಲೆ ಬಂದು ಮೊಳೆಗೆ ಹಾಕಬೇಕು;
ಬಂಗಾರ ಎಷ್ಟೇ ಇರಲಿ,
ಬಿಲ್ಲೆ ತೂಗದಿದ್ದರೆ ಆಟ ಮುಗಿದಂತಲ್ಲ.

ಖಾಜಾನ ಅಪ್ಪ ಒಂದು ಸಂಜೆ ಪಟ್ಟಿ ತಿರುವಿಹಾಕಿದರು,
ಕಣ್ಣ ಸುತ್ತಿನ ಧೂಳನ್ನಿನ್ನೂ ತೊಳೆದಿರಲಿಲ್ಲ.
"ಚೆಂದ ಅದ. ಆದ್ರ ಗಾಳಿ ಎಲ್ಲಿಂದ ಬರ್ತದ?
ಮ್ಯಾಲ ಬರಾಕ ಒಂದ ಏಣಿ ಯಾಕ?"
ಒಂದೇ ಇದ್ದರೆ ಮಜಾ ಅಂದೆವು.
ಅವರು ನಗಲಿಲ್ಲ.

ಶ್ರಾವಣದ ಒಂದು ಮಂಗಳವಾರ
ಹೊತ್ತಲ್ಲದ ಹೊತ್ತಿಗೆ ಸೈರನ್ನು ಕೂಗಿತು.
ಮುನ್ನೂರ ಹದಿನೆಂಟರ ಮೊಳೆ ಖಾಲಿ.
ಗೇಟಿನ ಹತ್ತಿರ ನಾಲ್ವರೂ ಒಂದೇ ಚಾದರ ಹೊದ್ದು ಕೂತೆವು,
ಯಾರೂ ಆಟದ ಮಾತೆತ್ತಲಿಲ್ಲ.
ಹುಲಿಗೆಮ್ಮ ಲಂಗದ ಜೇಬಿನ ಕಡಲೆಕಾಳನ್ನು
ಮುಷ್ಟಿಯಲ್ಲಿ ಹಿಡಿದೇ ಇದ್ದಳು,
ಬೆವರಿಗೆ ಅದು ನೆನೆದು ಉಬ್ಬುವವರೆಗೆ.
ನಾಲ್ಕೂವರೆಗೆ ಕೇಜು ಮೇಲೆ ಬಂತು.
ತಾವೇ ನಡೆದು ಬಂದರು. ಬಿಲ್ಲೆ ಹಾಕಿದರು.
ಟಣ್.

ಮರುದಿನ ಖಾಜಾ ಶಾಲೆಗೆ ಬರಲಿಲ್ಲ.
ಪಟ್ಟಿಯ ಅರವತ್ತೆರಡು ಪುಟಕ್ಕೂ
ಕೆಂಪು ರಿಫಿಲ್ಲಿನಲ್ಲಿ ಎರಡನೇ ಏಣಿ ಎಳೆದಿಟ್ಟಿದ್ದ.
ಜೀವ ತಿಂದು ಕಟ್ಟಿದ ಕಷ್ಟದ ಮಟ್ಟಗಳೆಲ್ಲ
ಸಸಾರವಾಗಿಬಿಟ್ಟವು.
ಯಾರೂ ಅಳಿಸಲಿಲ್ಲ.

ಈಗ ಮೌನೇಶ ಲಿಂಗಸುಗೂರಿನಲ್ಲಿ ಮೋಟಾರಿಗೆ ತಂತಿ ಸುತ್ತುತ್ತಾನೆ,
ಹುಲಿಗೆಮ್ಮ ಮುದಗಲ್ಲಿನ ಶಾಲೆಯಲ್ಲಿ ಚೌಕಳಿ ಪಟ್ಟಿ ತಿದ್ದುತ್ತಾಳೆ,
ಟ್ರ್ಯಾಕ್ಟರಿನ ಹಿಂದೆ ಹೆಸರು ಬರೆಯುವವನು ನಾನು.
ಖಾಜಾ ಇಳಿಯುತ್ತಾನೆ. ಅದೇ ಶಾಫ್ಟು, ಬೇರೆ ನಂಬರು.
ಶನಿವಾರ ರಾತ್ರಿ ಯಾರದೋ ಸರದಿ,
ಫೋನಿಗೊಂದು ಚೌಕಳಿ ಹಾಳೆ ಬರುತ್ತದೆ, ಹೊಸ ಮಟ್ಟ.
ದುಡ್ಡಿನ ವಿಷಯಕ್ಕೆ ನಾನೂ ಮೌನೇಶನೂ
ಮಾತು ಬಿಟ್ಟ ವರ್ಷ ಒಂದಿತ್ತು;
ಹಾಳೆ ಮಾತ್ರ ತಪ್ಪಲಿಲ್ಲ.

ಹೋದ ವಾರದ್ದು ಹುಲಿಗೆಮ್ಮನದು.
ಎಡಮೂಲೆಯ ಬಂಗಾರ ಹೇಗೂ ಎಟುಕುತ್ತಿಲ್ಲ,
ಎರಡು ಏಣಿಯಿದ್ದೂ.
ಬೆಳಗಿನ ಜಾವ ಖಾಜಾ ಬರೆದಿದ್ದಾನೆ:
"ಬಿಲ್ಲೆ ಹಾಕಿದೆ. ಈಗ ನೋಡ್ತೀನಿ, ತಡಿ."