ಕಿಟಕಿಯ ಅಳತೆ

ಚೌಕಳಿ ಹಾಳೆಯ ಮೇಲೆ ಪೆನ್ಸಿಲಿನ ನಕ್ಷೆ,
ಅಳಿಸಿ ಅಳಿಸಿ ಒಂದು ಗೋಡೆಗೆ ತೂತೇ ಬಿದ್ದಿದೆ.
ಹೆಸರು: ಇರ್ಯಾ ಲಹ್ತಿ. ಊರು: ಇದೇ, ಹ್ಯಾನ್‌ಕಾಕ್,
ತಾಮ್ರದ ಗಣಿ ಮುಚ್ಚಿದ ಮೇಲೂ
ಇಳಿಜಾರಿಗೆ ಅಂಟಿಕೊಂಡು ಕೂತ ಬೀದಿ.
ಕಾಮಗಾರಿ: ನೆಲಮಾಳಿಗೆಯಲ್ಲಿ ಒಂದು ಕೋಣೆ.
ಬಳಕೆ ಏನೆಂದು ಕೇಳುವ ಕಡೆ
‘ಉಗ್ರಾಣ’ ಎಂದು ಬರೆದಿದ್ದಳು,
ಬಿಗಿಯಾದ ಅಕ್ಷರದಲ್ಲಿ.

ಮೂವತ್ತೊಂದು ವರ್ಷ ಈ ಕೌಂಟರಿನ ಹಿಂದೆ ಕೂತಿದ್ದೇನೆ.
ಮೊಲದ ಗೂಡೆಂದು ಗ್ಯಾರೇಜು ಕಟ್ಟಿದವರನ್ನು,
ಹಬೆಸ್ನಾನದ ಕೋಣೆಯೆಂದು ಬಾಡಿಗೆ ಮನೆ ಎಬ್ಬಿಸಿದವರನ್ನು
ಬಲ್ಲೆ. ಸುಳ್ಳಿಗೂ ಒಂದು ಅಳತೆ ಇರುತ್ತದೆ,
ಸ್ಕೇಲು ಇಟ್ಟರೆ ಸಿಗುತ್ತದೆ.
ಅವಳ ಉಗ್ರಾಣದ ಮೂಲೆಯಲ್ಲಿ
ಆರೂವರೆ ಅಡಿಯ ಒಂದು ಆಯತ,
ಅದರ ತಲೆಯ ಕಡೆ ಇನ್ನೊಂದು, ಪುಟ್ಟದು.
‘ಆಲೂಗಡ್ಡೆಗೆ ದಿಂಬೇಕೆ?’ ಅಂದೆ.

ನಗಲಿಲ್ಲ ಅವಳು. ಕೈಗವಸು ಬಿಚ್ಚಿ ಮತ್ತೆ ಹಾಕಿಕೊಂಡಳು.
ತಮ್ಮ ಬರುತ್ತಾನಂತೆ, ರೇಯ್ನೊ,
ನವೆಂಬರ್ ಒಂಬತ್ತಕ್ಕೆ. ಹದಿನಾಲ್ಕು ವರ್ಷವಾಯಿತು.
ಎಲ್ಲಿಂದ ಎಂದು ನಾನು ಕೇಳಲಿಲ್ಲ;
ಊರಿಗೇ ಗೊತ್ತಿದ್ದದ್ದನ್ನು
ಕೇಳಿ ಬಾಯಿ ಕೆಡಿಸಿಕೊಳ್ಳುವುದೇಕೆ.
‘ಮಲಗುವ ಕೋಣೆ ಅಂದರೆ ನೀವು
ತಳಪಾಯದ ಗೋಡೆ ಕೊಯ್ಯಿಸುತ್ತೀರಿ.
ಅಷ್ಟು ದುಡ್ಡು ನನ್ನಲ್ಲಿಲ್ಲ.’

ಕೊಯ್ಯಿಸಲೇಬೇಕು, ಅಂದೆ. ನಿಯಮ ನನ್ನದಲ್ಲ.
ಪುಸ್ತಕ ತೆರೆದು ಓದಿದೆ, ಎಲ್ಲರಿಗೂ ಓದುವ ಹಾಗೆ,
ಕನ್ನಡಕ ಮೂಗಿನ ತುದಿಗೆ ಇಳಿಸಿ:
ಮನುಷ್ಯ ಮಲಗುವ ಪ್ರತಿ ಕೋಣೆಗೂ
ಅವನು ಹೊರಬೀಳಬಲ್ಲ ಕಿಟಕಿಯೊಂದು ಇರತಕ್ಕದ್ದು.
ಅಗಲ ಇಪ್ಪತ್ತು ಇಂಚಿಗೆ ಕಡಿಮೆ ಇರಕೂಡದು.
ನೆಲದಿಂದ ನಲವತ್ತನಾಲ್ಕು ಇಂಚು ಮೀರಕೂಡದು.
ಸರಳು ಹಾಕಿದ್ದಲ್ಲಿ, ಅದು
ಬೀಗದ ಕೈಯಿಲ್ಲದೆ, ಹತಾರವಿಲ್ಲದೆ,
ಒಳಗಿದ್ದವನ ಕೈಗೇ ತೆರೆಯತಕ್ಕದ್ದು.

ಅಲ್ಲಿಗೆ ನನ್ನ ಬಾಯಿ ನಿಂತಿತು.
ಮೂವತ್ತೊಂದು ವರ್ಷ ಬೆಂಕಿಯ ಭಯಕ್ಕೆಂದು ಓದಿದ ಸಾಲು.
ಸರದಿಯಲ್ಲಿ ಹಿಂದೆ ನಿಂತಿದ್ದ ಛಾವಣಿ ಕಂಟ್ರಾಕ್ಟರು
ಗಡಿಯಾರ ನೋಡಿಕೊಂಡ.
‘ಇನ್ನೊಂದು ಸಲ ಓದಿ’ ಅಂದಳು.
ಓದಿದೆ. ಕೊನೆಯ ಸಾಲು ಮಾತ್ರ.

ಉಗ್ರಾಣವನ್ನು ರಬ್ಬರಿನಿಂದ ಅವಳೇ ಅಳಿಸಿದಳು.
ಶುಲ್ಕ ಅರವತ್ತೈದು ಡಾಲರು; ಐದರ ನೋಟುಗಳು, ಹದಿಮೂರು.
ಕಲ್ಲು ಕೊಯ್ಯುವ ಯಂತ್ರ ಬಾಡಿಗೆಗೆ ಕೊಡುವ
ಪೆಲ್ಕಿಯ ಫೋನ್ ನಂಬರನ್ನು
ರಸೀದಿಯ ಹಿಂದೆ ಬರೆದುಕೊಟ್ಟೆ.
ಅದು ನಿಯಮದಲ್ಲಿಲ್ಲ.

ಡಿಸೆಂಬರಿನಲ್ಲಿ ತಪಾಸಣೆಗೆ ಹೋದೆ. ಸೊಂಟದವರೆಗೆ ಹಿಮ.
ಕಿಟಕಿಯ ಮುಂದಿನ ಗುಂಡಿಯನ್ನು ಮಾತ್ರ ಯಾರೋ
ನೆಲ ಕಾಣುವಂತೆ ತೋಡಿಟ್ಟಿದ್ದರು.
ಟೇಪು ಹಿಡಿದೆ: ಇಪ್ಪತ್ತೆರಡು. ನಲವತ್ತಮೂರೂವರೆ.
ಕಿಟಕಿ ಹಾರುಹೊಡೆದಿತ್ತು.
ಮಂಚದ ಮೇಲೆ ಕೋಟು ತೊಟ್ಟೇ ಕೂತಿದ್ದ ರೇಯ್ನೊ
ಬೂಟು ನೋಡುತ್ತಿದ್ದ, ನನ್ನದು.
‘ಹೇಳಿ ಇವನಿಗೆ, ಒಲೆಯ ಬಿಸಿಯೆಲ್ಲ ಬೀದಿಪಾಲು,
ರಾತ್ರಿಯೂ ಮುಚ್ಚಗೊಡುವುದಿಲ್ಲ’ ಅಂದಳು ಇರ್ಯಾ.

ಪುಸ್ತಕವನ್ನೆಲ್ಲ ನೆನೆದೆ. ತೆರೆಯತಕ್ಕದ್ದು ಎಂದಿದೆ.
ಮುಚ್ಚತಕ್ಕದ್ದು ಎಂದು ಎಲ್ಲೂ ಇಲ್ಲ.
ಬೆರಳು ಮರಗಟ್ಟಿತ್ತು, ಸಹಿ ಸೊಟ್ಟಗಾಯಿತು.