ಎತ್ತಿ, ಆಮೇಲೆ ತಳ್ಳಿ

ಕಲ್ಲುಗಣಿ ಮುಚ್ಚಿ ಹದಿನಾರು ವರ್ಷ.
ಯಾರ್ಕ್‌ಷೈರಿನ ನಮ್ಮ ಕಣಿವೆಯೂರಿಗೆ
ಈಗ ದಿನಕ್ಕೆರಡೇ ಬಸ್ಸು,
ಎರಡನೆಯದು ಡ್ರೈವರನ ಮರ್ಜಿ.

ಚಾಪೆಲ್ಲಿನ ಹಿಂದಿನ ಕೋಣೆಯಲ್ಲಿ ಸಭೆ.
ಹನ್ನೊಂದು ಜನ, ಒಂದು ನಾಯಿ,
ಕುದ್ದು ಕುದ್ದು ಕಪ್ಪಾದ ಟೀ.
ನಡಾವಳಿ ಬರೆಯುವವನು ನಾನು.
ವಿಷಯ: ನಡೆದು ಬರುವವರನ್ನು ಊರಿಗೆ ಕರೆಯುವುದು ಹೇಗೆ?

ಕಮಾನು ಕಟ್ಟೋಣ, ಅಂದ ಬೇಕರಿಯ ಲಯನೆಲ್.
ಎಂಟು ಭಾಷೆಯಲ್ಲಿ ಸುಸ್ವಾಗತ ಬರೆಸೋಣ,
ಅಂದಳು ಶಾಲೆಯ ಪ್ರೂಡೆನ್ಸ್.
ದುಡ್ಡೆಲ್ಲಿದೆ ಅಂತ ಯಾರೂ ಕೇಳಲಿಲ್ಲ;
ಕೇಳಿದ್ದರೆ ಸಭೆ ಅಲ್ಲಿಗೇ ಮುಗಿಯುತ್ತಿತ್ತು.

ಹೆಸ್ಟರ್ ಮೆಟ್‌ಕಾಫ್ ಎದ್ದಳು.
ಮೂವತ್ತೊಂದು ವರ್ಷ ಈ ಗುಡ್ಡಗಳಿಗೆ ಟಪಾಲು ಹೊತ್ತವಳು,
ಈಗ ಒಂದು ಮಂಡಿ ಉಕ್ಕಿನದು.
"ನಡೆಯುವವರಿಗೆ ಬೇಕಾದ್ದು ಕಮ್ಮಿ," ಅಂದಳು.
"ಬಾಟಲಿ ತುಂಬಿಸಲು ಒಂದು ನಲ್ಲಿ,
ಬೀಗ ಹಾಕದ ಒಂದು ಕಕ್ಕಸು,
ಗಾಳಿಗೆ ಬೆನ್ನು ಕೊಟ್ಟು ಕೂರಲು ಒಂದು ಹಲಗೆ.
ಮತ್ತೆ, ಕೆಸರು ಬೂಟು ಕಂಡು
ಮುಖ ಗಂಟಿಕ್ಕದ ಒಬ್ಬ ಮನುಷ್ಯ."
ಎಲ್ಲರೂ ಪಬ್ಬಿನ ಸೈಲಸ್‌ನತ್ತ ನೋಡಿದರು.
ಸೈಲಸ್ ತನ್ನ ಟೀ ನೋಡಿದ.

ಒಂದು ವಾರ, ಅವನ ಬಾಗಿಲ ಮೇಲೆ
'ಕೆಸರು ಬೂಟಿಗೆ ಪ್ರವೇಶವಿಲ್ಲ' ಹಾಗೇ ಇತ್ತು.
ಎರಡನೇ ವಾರ, ಮೊಳೆಯ ತೂತು ಮಾತ್ರ.
ಹೊಸ್ತಿಲ ಪಕ್ಕ ಒಂದು ತೊಟ್ಟಿ, ಸವೆದ ಬ್ರಷ್ಷು:
ಬಂದವರ ಕಾಲಿಗೆ ನೀರು.

ಒಪ್ಪದವನು ಎಡ್ಗರ್ ರೇನ್ ಒಬ್ಬನೇ.
ಹಾದಿ ಹಾಯುವುದು ಅವನ ಹುಲ್ಲುಗಾವಲ ನಡುವೆ.
"ಗೇಟು ತೆರೆದಿಟ್ಟು ಹೋಗುತ್ತಾರೆ, ನಾಯಿ ಬಿಡುತ್ತಾರೆ.
ಗಬ್ಬದ ಕುರಿ ಬೆದರಿ ಕಂದು ಹಾಕಿದರೆ
ಮರಿ ಯಾರು ಕೊಡುತ್ತಾರೆ, ನಿಮ್ಮ ಕಮಾನೇ?"
ಅವನ ಮಾತಲ್ಲಿ ಸುಳ್ಳಿರಲಿಲ್ಲ.
ಹೆಸ್ಟರ್ ವಾದಿಸಲಿಲ್ಲ.
ಜೋತುಬಿದ್ದ ಅವನ ಗೇಟಿಗೆ ಹೊಸ ಬಿಜಾಗರಿ ತಂದು
ಬೇಲಿಗೆ ನೇತುಹಾಕಿ ಬಂದಳು.
ಮಾರ್ಚಿನ ಮಳೆಗೆ ಅದೂ ತುಕ್ಕು ಹಿಡಿಯಿತು.

ಏಪ್ರಿಲ್. ಮೊದಲು ಬಂದವಳು ಒಂಟಿ ಹೆಂಗಸು,
ಬೆನ್ನ ಮೇಲೆ ಚೀಲ, ಕನ್ನಡಕದ ತುಂಬ ಮಳೆ.
ರೇನ್ ಕೊಟ್ಟಿಗೆಯಿಂದ ನೋಡುತ್ತಿದ್ದ.
ದೂಡಿದಳು. ಎಳೆದಳು.
ಹತ್ತಿ ಹಾರಲಿಲ್ಲ; ಸುಮ್ಮನೆ ನಿಂತಳು,
ತಪ್ಪು ತನ್ನದೇ ಎಂಬಂತೆ.
"ಎತ್ತಿ, ಆಮೇಲೆ ತಳ್ಳಿ!" ಕೂಗಿದ.
ಎತ್ತಿದಳು, ತಳ್ಳಿದಳು, ಒಳಬಂದು
ಮತ್ತೆ ಗೇಟಿಗೆ ಮುಖ ಮಾಡಿ
ಚಿಲಕ ಬಿದ್ದ ಸದ್ದು ಕೇಳುವ ತನಕ ಕಾದು
ಹೋದಳು.

ಊರಲ್ಲಿ ಅವಳು ಕೊಂಡದ್ದು
ಒಂದು ಪೈ, ಒಂದು ಜೊತೆ ಕಾಲುಚೀಲ.
ನಡಾವಳಿಗೆ ಸೇರಿಸುವಂಥದ್ದೇನೂ ಅಲ್ಲ.

ಮುಂದಿನ ಭಾನುವಾರ ಹೆಸ್ಟರ್ ಕುಂಟುತ್ತ ಆ ಕಡೆ ಹೊರಟಳು,
ಜೊತೆಗೆ ನಾನು.
ಗೇಟು ಜೋತೇ ಬಿದ್ದಿತ್ತು,
ಬಿಜಾಗರಿ ಬೇಲಿಯಲ್ಲೇ ಇತ್ತು.
ಮೇಲಿನ ಅಡ್ಡಪಟ್ಟಿಯಲ್ಲಿ ಮಾತ್ರ,
ಕುರಿಗೆ ಗುರುತು ಹಚ್ಚುವ ಕೆಂಪು ಬಣ್ಣದಲ್ಲಿ,
ಸೊಟ್ಟ ಅಕ್ಷರದ ಮೂರು ಪದ.

ಹೆಸ್ಟರ್ ಗಟ್ಟಿಯಾಗಿ ಓದಿದಳು,
ಬರೆದಂತೆಯೇ ಮಾಡಿದಳು.
ಬಣ್ಣ ಇನ್ನೂ ಹಸಿ;
ಅಂಗೈಗೆ ಅಂಟಿತು.