ಕಾಲಮ್ ಏಳು

ಮಧ್ಯಾಹ್ನ ಎರಡು ಹತ್ತು. ಚಿತ್ತಾಪುರ ಠಾಣೆ.
ಫ್ಯಾನು ತಿರಗತದ, ಗಾಳಿ ಬರಂಗಿಲ್ಲ.
ಹೊರಗ ಶೆಡ್ಡಿನ್ಯಾಗ ಕೆಂಪು ಗಾಡಿ.
ಅದರ ಹೊಟ್ಟಿಗಿ ಕೈ ಹಚ್ಚಿದ್ರ ಮಾತ್ರ
ಈ ಊರಾಗ ಎಲ್ಲ್ಯಾರ ತಂಪು ಉಳದದ ಅಂತ ತಿಳಿತದ.

ಫೋನು.
ಮೊದಲು ಉಸಿರು ಬರ್ತದ, ಆಮ್ಯಾಗ ಮಾತು.
ಹನ್ನೊಂದು ವರ್ಷ ಈ ಖುರ್ಚಿ ಮ್ಯಾಗ ಕುಂತು ಕಲತದ್ದು ಅಷ್ಟೇ:
ಉಸಿರು ಕೇಳಿದ್ರ ಸಾಕು,
ಹತ್ತಿದ್ದು ಬಣವಿಯೋ, ಮನಿಯೋ,
ಮನ್ಯಾಗ ಯಾರರೆ ಅದಾರೋ.

"ಬೆಂಕಿ ಹತ್ತ್ಯಾದ್ರೀ!"
ಎಲ್ಲಪ್ಪಾ?
"ಇಲ್ಲೇ!"
ಬೆಂಕಿ ಬಿದ್ದ ಊರಿಗೆಲ್ಲ ಹೆಸರು ಒಂದೇ, ಇಲ್ಲೇ.

ನಿಂತಲ್ಲಿಂದ ಏನು ಕಾಣ್ತದ ಹೇಳು.
"ಹೊಗಿ."
ಹೊಗಿ ಬಿಟ್ಟು?
"ಫರಸಿ ಖಣಿ... ಮುರದ ಕ್ರೇನು...
ಸೇವಾಲಾಲ ಗುಡಿ ಬಿಳೀ ಝಂಡಾ."
ಕರಿಕುಂಟಿ ತಾಂಡಾ.
ಮೂವತ್ತೊಂದು ಕಿಲೋಮೀಟರು, ನಡುವ ರೈಲ್ವೆ ಗೇಟು.

ಗಂಟಿ ಒತ್ತಿದೆ.
ಚಾಂದಪಾಶಾ ಪುಂಡಿಪಲ್ಯದ ಕೈಲೇ ಸ್ಟೇರಿಂಗ್ ಹಿಡದ.
ಅರ್ಧ ರೊಟ್ಟಿ ತಾಟಿನ್ಯಾಗೇ ಉಳೀತು.

ಸರಕಾರಿ ರಜಿಸ್ಟರಿನ ಕೆಳಗ ನಂದೊಂದು ನೋಟ್‌ಬುಕ್ ಅದ,
ಯಾವ ಆದೇಶದಾಗೂ ಇಲ್ಲದ್ದು.
ಪಂಕ್ಚರ್ ಅಂಗಡಿಯಾಂವ, ಹಾಲಿನ ಟೆಂಪೋದಾಂವ,
ಬೋರಿದ್ದವರು, ಬೋರಿದ್ದೂ ಕೊಡದವರು (ಅವರ ಮುಂದ ಕೆಂಪು ಗೀಟು).
ಪಗಾರಿಲ್ಲ, ಬೂಟಿಲ್ಲ, ಟೊಪ್ಪಗಿ ಇಲ್ಲ.
ಫೋನ್ ಎತ್ತತಾರ. ಅದೇ ಅವರ ನೇಮಕಾತಿ.

ಢಾಕು ರಾಠೋಡ, ತೊಗರಿಗಿ ಎಣ್ಣಿ ಹೊಡೆಯೋ ಪಂಪು
ಬಾಡಗಿ ಕೊಡಾಂವ.
ಎಷ್ಟು ಅವ?
"ಒಂಬತ್ತು. ಎರಡು ಸೋರತಾವ ಮೇಡಂ."
ಸೋರಲಿ. ಎಣ್ಣಿ ತೊಳದು ನೀರು ತುಂಬು.
ದನಾ ಬಿಚ್ಚು. ಸಿಲಿಂಡರ್ ಹೊರಗ ತಗಿ.
ಗಾಳಿ ಎತ್ತಾಗ?
"ಮೂಡಲಕ್ಕ."
ಹಂಗಾದ್ರ ಉರಿಯೋ ಬಣವಿ ಬಿಟ್ಟುಬಿಡು,
ಮೂಡಲ ಮನೀ ಛಪ್ಪರ ತೋಯಿಸು.
ಹತ್ತಿದ್ದಕ್ಕಲ್ಲ, ಇನ್ನಾ ಹತ್ತದ್ದಕ್ಕ ನೀರು.

ವೈರ್‌ಲೆಸ್ಸಿನ್ಯಾಗ ಚಾಂದಪಾಶಾ:
"ಗೇಟು ಬಿದ್ದದ."
ಸಿಮೆಂಟಿನ ಗೂಡ್ಸು.
ಮುಚ್ಚಿದ ಗೇಟಿನ ಮುಂದ ಸೈರನ್ ಒದರತಿತ್ತು,
ಕುರಿ ಕಾಯೋ ಹುಡುಗ ಕಿವಿ ಮುಚ್ಚಿಕೊಂಡು ನಗತಿದ್ನಂತ.
ಡಬ್ಬಿ ಎಣಸಲತ್ತಿದ ಪಾಶಾ:
ಮೂವತ್ತು, ಮೂವತ್ತೊಂದು,
ಎಣಸದಿದ್ರ ಬೈಗಳ ಬರ್ತಾವ ಅಂತ ಎಣಸತಾನ.
ನನಗ ಒಂದು ಕಿವ್ಯಾಗ ರೈಲು, ಒಂದು ಕಿವ್ಯಾಗ ಉರಿ.
ನಡುವ ಚಾ ಆರಿತ್ತು.

ಗಾಡಿ ಮುಟ್ಟೋದ್ರಾಗ ಬೆಂಕಿ ಸತ್ತಿತ್ತು.
ಹೋದದ್ದು ಒಂದು ಬಣವಿ,
ಒಂದು ಎಮ್ಮಿ ಕಿವಿಯ ತುದಿ,
ಸೋಮಲಿಬಾಯಿಯ ಎರಡೂ ಹುಬ್ಬು.
ಆಕಿನೇ ಫೋನ್ ಕಸಗೊಂಡು ಹೇಳಿದ್ಳು, ನಕ್ಕೋತ.

"ಮೇಡಂ," ಪಾಶಾ ಅಂದ, "ಟಾಕಿ ತುಂಬೇ ಅದ."
ವಾಪಸ್ ಬಾ ಅನ್ನೋದು ನನ್ನ ಬಾಯಾಗ ಇತ್ತು.
ಆದ್ರ ಅವನ ಹಿಂದ ಒಂದು ಸಪ್ಪಳ ಕೇಳಸ್ತು,
ಖಾಲಿ ಕೊಡಗೋಳು ಒಂದಕ್ಕೊಂದು ತಾಗೋ ಸಪ್ಪಳ.

ಏನದು?
"ಬೋರು ಕೆಟ್ಟು ಹದಿನೈದು ದಿನ ಆತಂತ್ರಿ.
ನಾಲ್ಕು ದಿನಕ್ಕೊಮ್ಮಿ ಟ್ಯಾಂಕರು.
ಪಂಪಿಗಿ ತುಂಬಿದ್ದು... ಮನ್ಯಾಗ ಹಿಡದಿಟ್ಟ ನೀರು."

ಒಬ್ಬೊಬ್ಬರ ಮನೀ ಹಂಡೆ, ಕೂಸಿನ ಎರಕೊಳ್ಳೋ ನೀರು,
ನಾಳಿನ ಅನ್ನದ ಎಸರು,
ಒಂಬತ್ತು ಪಂಪಿನ ಮೂತಿಲೇ ಯಾರದೋ ಛಪ್ಪರದ ಮ್ಯಾಗ ಬಿದ್ದಿತ್ತು.

ಕುಡಿಯೋ ನೀರಲ್ಲ ಅಂತ ಹೇಳಿದಿ?
"ಹೇಳೀನ್ರಿ. ಎಮ್ಮಿಗಿ ಅಂತಾರ."
ಎಮ್ಮಿ ಎಷ್ಟವ?
ಪಾಶಾ ಸುಮ್ಮಾದ.
ಆಮ್ಯಾಗ ಅಂದ, "ಭಾಳ ಅವ್ರಿ."

ಸಂಜಿಗಿ ವರದಿ.
ಕಾಲಮ್ ಏಳು: ಖರ್ಚಾದ ನೀರು, ಉದ್ದೇಶ.
ನಾಲ್ಕೂವರೆ ಸಾವಿರ ಲೀಟರ್. ತಂಪು ಮಾಡಲು.
"ಒಂದು ಬಣವಿಗಿ ಇಷ್ಟಾ, ರೇವಮ್ಮ?"
ಒಳಗ ಕೆಂಡ ಇರ್ತದ್ರಿ ಸಾಹೇಬ್ರ.
ಅವರು ನನ್ನ ಮುಖ ನೋಡಿದ್ರು,
ಪೆನ್ನು ಜಾಡಿಸಿ ಸಹಿ ಹಾಕಿದ್ರು.

ನೋಟ್‌ಬುಕ್ ತಗದು ಢಾಕುನ ಹೆಸರಿನ ಮುಂದ ಬರದೆ:
ಎರಡು ಪಂಪು ಸೋರತಾವ.
ನಾಳಿ ಪಾಶಾನ ಕೈಲೇ ವಾಶರ್ ಕಳಸಬೇಕು.